ಹೊಸ ಟೋಪಿ, ಹಳೆಯ ನಿದ್ದೆಗೇಡು



2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಪೊಲೀಸ್ ಪೇದೆಗಳ ತಲೆಯ ಮೇಲಿಂದ, ಒಂದು ಬದಿ ಮಡಚಿದ ಹಳೆಯ ಸ್ಲೋಚ್ ಹ್ಯಾಟು ಇಳಿದು ಗಾಢನೀಲಿ ಬಣ್ಣದ ಪೀಕ್ ಕ್ಯಾಪ್ ಏರಿತು. ಮುಖ್ಯಮಂತ್ರಿಗಳೇ ಅದನ್ನು ವಿತರಿಸಿದರು. ಹಳೆಯ ಹ್ಯಾಟು ಬಿಸಿಲಿಗೆ ಕಾಯುತ್ತದೆ, ಓಡುವಾಗ ಬಿದ್ದುಹೋಗುತ್ತದೆ ಎಂಬುದು ಪೇದೆಗಳ ಬಹುಕಾಲದ ದೂರು. ದೂರು ನ್ಯಾಯವಾದದ್ದೇ, ಅದನ್ನು ಪರಿಹರಿಸಿದ್ದೂ ಒಳ್ಳೆಯದೇ. ಆದರೆ ಆ ವಾರವೆಲ್ಲ ಪತ್ರಿಕೆಗಳೂ ವಾಹಿನಿಗಳೂ ಈ ಟೋಪಿಯನ್ನು ಪೊಲೀಸ್ ಸುಧಾರಣೆಯ ಹೆಗ್ಗುರುತೆಂಬಂತೆ ಕೊಂಡಾಡಿದ್ದನ್ನು ಕಂಡು ನನಗೆ ನಗು ಬಂದಿತು. ನಮ್ಮ ಭಾಷೆಯಲ್ಲಿ ‘ಟೋಪಿ ಹಾಕು’ ಎಂಬ ಮಾತಿಗಿರುವ ಇನ್ನೊಂದು ಅರ್ಥವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಟೋಪಿಯ ಅಳತೆ ತೆಗೆದುಕೊಂಡವರಲ್ಲಿ ಒಬ್ಬರಾದರೂ ಅದರ ಕೆಳಗಿರುವ ತಲೆ ಹಿಂದಿನ ರಾತ್ರಿ ಎಷ್ಟು ಹೊತ್ತು ದಿಂಬಿನ ಮೇಲಿತ್ತು ಎಂದು ವಿಚಾರಿಸಿದ್ದರೆ, ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಪೊಲೀಸರ ಪರವಾಗಿ ಬರೆಯುವುದು ನಮ್ಮ ನಾಡಿನಲ್ಲಿ ಅಷ್ಟೇನೂ ಗೌರವದ ಕೆಲಸವಲ್ಲವೆಂಬುದು ನನಗೆ ತಿಳಿದಿದೆ. ಈ ವಿಷಯವನ್ನು ಬಾಯಿಬಿಟ್ಟ ಕೂಡಲೇ ನನ್ನ ಸೋದರಳಿಯನೊಬ್ಬ, “ಮಾವ, ನಿಮಗೆ ಠಾಣೆಯ ಮೆಟ್ಟಿಲು ಹತ್ತುವ ಪ್ರಸಂಗ ಬಂದಿಲ್ಲ, ಅದಕ್ಕೇ ಹೀಗೆ ಮಾತಾಡ್ತೀರಿ” ಎಂದ. ಅವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ. ಆದರೆ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಇದು ಪೊಲೀಸರ ಮೇಲಿನ ಕರುಣೆಯಿಂದ ಬರೆದದ್ದಲ್ಲ. ನಾನು ಎಪ್ಪತ್ತು ದಾಟಿದವನು, ಮನೆಯಲ್ಲಿ ನಾವಿಬ್ಬರೇ ಇರುವವರು. ನಡುರಾತ್ರಿ ಹಿತ್ತಲ ಬಾಗಿಲು ಸದ್ದಾದರೆ 112ಕ್ಕೆ ಕರೆಮಾಡಬೇಕಾದವರು. ಹಾಗೆ ಕರೆದಾಗ ಬರುವವನು ಎಚ್ಚರವಾಗಿರಬೇಕು, ಅವನ ಬುದ್ಧಿ ಸ್ತಿಮಿತದಲ್ಲಿರಬೇಕು ಎಂಬುದು ನನ್ನ ಶುದ್ಧ ಸ್ವಾರ್ಥ. ಆ ಸ್ವಾರ್ಥದಿಂದಲೇ ಹೇಳುತ್ತಿದ್ದೇನೆ: ಪೇದೆಯ ನಿದ್ದೆ ಅವನ ಸ್ವಂತ ವಿಷಯವಲ್ಲ, ಊರಿನ ಸುರಕ್ಷತೆಯ ವಿಷಯ, ಆದುದರಿಂದ ಅದನ್ನು ಸುತ್ತೋಲೆಗೂ ಮೇಲಧಿಕಾರಿಯ ಮರ್ಜಿಗೂ ಬಿಡದೆ ಕಾನೂನಿನಲ್ಲಿಯೇ ಬರೆಯಬೇಕು.

ನಮ್ಮ ಶಾಲೆಯಿಂದ ಪೊಲೀಸ್ ಇಲಾಖೆಗೆ ಸೇರಿದವರ ಸಂಖ್ಯೆ ಕಡಿಮೆಯಲ್ಲ. ಎರಡೆಕರೆ ಮಳೆಯಾಶ್ರಯದ ಹೊಲವಿದ್ದ ಮನೆಯ ಹುಡುಗನಿಗೆ, ಎತ್ತರವೂ ಎದೆಯಳತೆಯೂ ಸರಿಯಾಗಿದ್ದರೆ, ಓಟದಲ್ಲಿ ಗೆಲ್ಲುವಂತಿದ್ದರೆ, ಅದು ಸರ್ಕಾರಿ ಸಂಬಳಕ್ಕೆ ಇದ್ದ ಹತ್ತಿರದ ದಾರಿ. ಎಷ್ಟೋ ಜನರ ಅರ್ಜಿಗಳನ್ನು ನಾನೇ ತಿದ್ದಿಕೊಟ್ಟಿದ್ದೇನೆ. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: ಜಾತ್ರೆಗೂ ಚುನಾವಣೆಗೂ ಬಂದೋಬಸ್ತಿಗೆಂದು ಹೊರಜಿಲ್ಲೆಗಳಿಂದ ಬರುತ್ತಿದ್ದ ಪೇದೆಗಳನ್ನು ನಮ್ಮ ಶಾಲೆಯ ಕೊಠಡಿಗಳಲ್ಲಿಯೇ ಇಳಿಸುತ್ತಿದ್ದರು. ಎರಡು ಬೆಂಚುಗಳನ್ನು ಜೋಡಿಸಿ, ಬೂಟನ್ನು ದಿಂಬಿನಂತೆ ತಲೆಯ ಕೆಳಗಿಟ್ಟು, ಬೆಳಗಿನ ಎಂಟು ಗಂಟೆಯ ಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೂ ಎಚ್ಚರವಿಲ್ಲದೆ ಮಲಗಿದ್ದವರನ್ನು ನಾನು ಅನೇಕ ಸಲ ಕಂಡಿದ್ದೇನೆ. ಹತ್ತು ಗಂಟೆಗೆ ಮತ್ತೆ ಹಾಜರಿ. ಇಡೀ ಶಾಲೆಗೆ ಎರಡು ಶೌಚಾಲಯ, ಮೂವತ್ತು ಜನ. ಮಹಿಳಾ ಪೇದೆಗಳು ಬರತೊಡಗಿದ ಮೇಲಂತೂ ಅವರು ಎದುರು ಮನೆಯ ಗೌಡರ ಹೆಂಡತಿಯನ್ನು ಬೇಡಿಕೊಂಡು ಅವರ ಬಚ್ಚಲನ್ನು ಬಳಸುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು.

ಚುನಾವಣೆಯ ಕೆಲಸಕ್ಕೆ ನಾವು ಮಾಸ್ತರರೂ ಹೋಗುತ್ತಿದ್ದೆವು. ಅದರ ಗೋಳಾಟವನ್ನು ವಾರಗಟ್ಟಲೆ ಹೇಳಿಕೊಳ್ಳುತ್ತಿದ್ದೆವು. ಮತಪೆಟ್ಟಿಗೆ ಒಪ್ಪಿಸಿ, ರಶೀದಿ ಪಡೆದು, ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ಬಸ್ಸು ಹತ್ತಿದರೆ ನಮ್ಮ ಕೆಲಸ ಮುಗಿಯಿತು. ನಮ್ಮೊಂದಿಗೆ ಬೆಳಗಿನಿಂದ ಮತಗಟ್ಟೆಯ ಬಾಗಿಲಲ್ಲಿ ನಿಂತಿದ್ದ ಪೇದೆ ಅಲ್ಲಿಂದ ನೇರವಾಗಿ ಮತಪೆಟ್ಟಿಗೆಗಳ ಕಾವಲಿಗೆ ಹೋಗುತ್ತಿದ್ದ. ನಮಗೆ ಮರುದಿನ ರಜೆ. ಅವನಿಗೆ?

ನನ್ನ ಕಣ್ಣಿಗೆ ಬಿದ್ದದ್ದು ಒಂದು ತಾಲ್ಲೂಕಿನ ಚಿತ್ರವೆಂದು ನೀವು ಹೇಳಬಹುದು. ದೇಶದ ಚಿತ್ರವೂ ಅದೇ. 1977ರಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗವು 1979ರ ತನ್ನ ಮೊದಲ ವರದಿಯಲ್ಲಿಯೇ ಪೇದೆಗಳ ಸ್ಥಿತಿಗತಿಯನ್ನು ಕೈಗೆತ್ತಿಕೊಂಡಿತು. ಕೆಳಹಂತದ ಪೊಲೀಸರು ದಿನಕ್ಕೆ 10ರಿಂದ 16 ಗಂಟೆ, ವಾರದ ಏಳೂ ದಿನ ದುಡಿಯುತ್ತಿದ್ದಾರೆಂದು ಅದು ಕಂಡುಕೊಂಡಿತು. ಮೂವತ್ತೈದು ವರ್ಷಗಳ ಬಳಿಕ, 2014ರಲ್ಲಿ, ಕೇಂದ್ರ ಸರ್ಕಾರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗಾಗಿ ನಡೆದ ಅಧ್ಯಯನವು ಠಾಣೆಯ ಸಿಬ್ಬಂದಿಯಲ್ಲಿ ನೂರಕ್ಕೆ ಸುಮಾರು 90 ಮಂದಿ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಾರೆಂದೂ, ನಾಲ್ವರಲ್ಲಿ ಸರಿಸುಮಾರು ಮೂವರಿಗೆ ತಿಂಗಳಿಗೊಂದು ವಾರದ ರಜೆಯೂ ಸಿಗುವುದಿಲ್ಲವೆಂದೂ ಹೇಳಿತು. 2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸರನ್ನು ಮಾತನಾಡಿಸಿ ತಯಾರಿಸಿದ ವರದಿಯಲ್ಲಿ ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ನಲವತ್ತು ವರ್ಷ, ಮೂರು ವರದಿ, ಒಂದೇ ಉತ್ತರ. ಒಬ್ಬ ವಿದ್ಯಾರ್ಥಿ ಒಂದೇ ತಪ್ಪನ್ನು ಮೂರು ಪರೀಕ್ಷೆಗಳಲ್ಲಿ ಮಾಡಿದರೆ ನಾವು ಅವನನ್ನು ದಡ್ಡನೆನ್ನುತ್ತಿದ್ದೆವು. ಸರ್ಕಾರಗಳನ್ನು ಹಾಗೆನ್ನಲಾಗದು, ಅವಕ್ಕೆ ಉತ್ತರ ಗೊತ್ತಿದೆ, ಬರೆಯಲು ಮನಸ್ಸಿಲ್ಲ.

ಈ ದುಡಿಮೆಗೆ ಮಿತಿಯೇ ಇಲ್ಲದಿರಲು ಕಾರಣ ಹಳೆಯದು. 1857ರ ದಂಗೆಯ ಬಿಸಿ ಆರುವ ಮೊದಲೇ ಬ್ರಿಟಿಷರು 1861ರ ಪೊಲೀಸ್ ಕಾಯ್ದೆಯನ್ನು ತಂದರು. ಅದರ 22ನೆಯ ಪ್ರಕರಣದ ಪ್ರಕಾರ ಪ್ರತಿಯೊಬ್ಬ ಪೊಲೀಸನೂ ಸದಾ ಕರ್ತವ್ಯದಲ್ಲಿರುವನೆಂದೇ ಭಾವಿಸತಕ್ಕದ್ದು. ಆಳುವವರಿಗೆ ಬೇಕಿದ್ದದ್ದು ಪ್ರಜೆಗಳನ್ನು ಅಂಕೆಯಲ್ಲಿಡುವ ಪಡೆ. ಪಡೆಯವನಿಗೆ ಮನೆ, ಮಡದಿ, ಮಕ್ಕಳು, ನಿದ್ದೆ ಇವೆಲ್ಲ ಕಾಯ್ದೆಯ ಕಣ್ಣಿಗೆ ಬೀಳಬೇಕಾದ ಸಂಗತಿಗಳಾಗಿರಲಿಲ್ಲ. ನಮ್ಮ ರಾಜ್ಯದ 1963ರ ಕಾಯ್ದೆಯೂ ಈ ಭಾವನೆಯನ್ನು ಹಾಗೆಯೇ ಉಳಿಸಿಕೊಂಡಿತು. ತುರ್ತು ಬಂದಾಗ ಯಾವ ಪೊಲೀಸನೂ ‘ನನ್ನ ಪಾಳಿ ಮುಗಿಯಿತು’ ಎಂದು ಕೈಚೆಲ್ಲಬಾರದೆಂಬುದು ಆ ಮಾತಿನ ಸಾಧುವಾದ ಅರ್ಥ. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಕರೆದರೆ ಬರಬೇಕಾದವನು ಎಂಬುದು ಬೇರೆ, ಕರೆಯದಿದ್ದರೂ ಹೋಗಬಾರದವನು ಎಂಬುದು ಬೇರೆ. ನೂರ ಅರವತ್ತು ವರ್ಷಗಳಿಂದ ನಾವು ಎರಡನೆಯ ಅರ್ಥವನ್ನೇ ಆಚರಿಸುತ್ತ ಬಂದಿದ್ದೇವೆ. 2006ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಏಳು ನಿರ್ದೇಶನಗಳನ್ನು ಪೊಲೀಸ್ ಸುಧಾರಣೆಯ ಸಂವಿಧಾನವೆಂಬಂತೆ ಎಲ್ಲರೂ ಉದ್ಧರಿಸುತ್ತಾರೆ. ಮಹಾನಿರ್ದೇಶಕರ ಅಧಿಕಾರಾವಧಿಯಿದೆ, ವರ್ಗಾವಣೆಯ ಮಂಡಳಿಯಿದೆ, ದೂರು ಪ್ರಾಧಿಕಾರವಿದೆ, ಎಲ್ಲವೂ ಬೇಕಾದವೇ. ಠಾಣೆಯ ಪೇದೆ ದಿನಕ್ಕೆ ಎಷ್ಟು ಗಂಟೆ ದುಡಿಯಬೇಕೆಂಬ ಬಗ್ಗೆ ಮಾತ್ರ ಅವುಗಳಲ್ಲಿ ಒಂದು ನಿರ್ದೇಶನವೂ ಇಲ್ಲ.

ದಣಿವೆಂದರೆ ಏನೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಣಿತವೆಂದರೆ ಓಡುತ್ತಿದ್ದವರೂ ತಾಳ್ಮೆಯಿಂದ ಓದಿ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ನಿದ್ದೆಗೆಟ್ಟವರಿಗೂ ಮದ್ಯ ಕುಡಿದವರಿಗೂ ಕಣ್ಣು-ಕೈಗಳ ಹೊಂದಾಣಿಕೆಯ ಒಂದೇ ಪರೀಕ್ಷೆಯನ್ನು ಕೊಟ್ಟು ಅವರು ಹೋಲಿಸಿದರು. ಸುಮಾರು 17 ಗಂಟೆ ಎಚ್ಚರವಿದ್ದವನ ಸಾಮರ್ಥ್ಯವು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಸಾಮರ್ಥ್ಯದ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಿದ್ದಾಗ ಅದು 100 ಮಿಲಿಗ್ರಾಂ ಕುಡಿದವನ ಮಟ್ಟಕ್ಕೆ ಬಂದಿತ್ತು. ಈಗ ನಮ್ಮ ಮೋಟಾರು ವಾಹನ ಕಾಯ್ದೆಯ 185ನೆಯ ಪ್ರಕರಣವನ್ನು ನೋಡಿ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ಚಲಾಯಿಸುವುದು ಅಪರಾಧ. ಬೆಳಗ್ಗೆ ಆರಕ್ಕೆ ಎದ್ದು, ಎಂಟಕ್ಕೆ ಹಾಜರಿ ಹಾಕಿ, ರಾತ್ರಿ ಒಂದು ಗಂಟೆಗೆ ಮುಖ್ಯರಸ್ತೆಯಲ್ಲಿ ನಿಂತು ನಿಮ್ಮ ಬಾಯಿಗೆ ಕೊಳವೆ ಹಿಡಿಯುವ ಪೇದೆ ಆ ಹೊತ್ತಿಗೆ 19 ಗಂಟೆ ಎಚ್ಚರವಿದ್ದಾನೆ. ಯಾರಿಗೆ ದಂಡ ಹಾಕಬೇಕು? ಕೊಳವೆಯ ಯಾವ ತುದಿಯಲ್ಲಿರುವವನು ಹೆಚ್ಚು ಅಪಾಯಕಾರಿ? ಇದೇ ಮನುಷ್ಯ ಆಮೇಲೆ ಇಲಾಖೆಯ ಜೀಪನ್ನು ಓಡಿಸುತ್ತಾನೆ, ಇಲ್ಲವೇ ತನ್ನ ದ್ವಿಚಕ್ರವಾಹನ ಹತ್ತಿ ಇಪ್ಪತ್ತು ಕಿಲೋಮೀಟರ್ ದೂರದ ಮನೆಗೆ ಹೊರಡುತ್ತಾನೆ. ಅವನ ಸೊಂಟದಲ್ಲಿ ಕೆಲವೊಮ್ಮೆ ತುಂಬಿದ ಪಿಸ್ತೂಲೂ ಇರುತ್ತದೆ.

ಬೇರೆ ದುಡಿಮೆಗಳಲ್ಲಿ ಈ ಅಪಾಯ ಎಂದೋ ಅರ್ಥವಾಗಿದೆ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯೂ ಆ ಮಿತಿಯನ್ನು ಉಳಿಸಿಕೊಂಡಿದೆ. ಬಸ್ಸು, ಲಾರಿಗಳ ಚಾಲಕರಿಗಾಗಿ 1961ರಲ್ಲಿಯೇ ದಿನಕ್ಕೆ ಎಂಟು ಗಂಟೆಯೆಂಬ ಕಾಯ್ದೆ ಬಂದಿತ್ತು. ವಿಮಾನ ಚಾಲಕರ ವಾರದ ವಿಶ್ರಾಂತಿಯನ್ನು 2025ರಲ್ಲಿ 36 ಗಂಟೆಯಿಂದ 48 ಗಂಟೆಗೆ ಏರಿಸಲಾಯಿತು. ಆ ಹೊಸ ನಿಯಮಗಳಿಗೆ ಸಿದ್ಧತೆ ಮಾಡಿಕೊಳ್ಳದಿದ್ದ ದೊಡ್ಡ ವಿಮಾನ ಸಂಸ್ಥೆಯೊಂದು ಡಿಸೆಂಬರಿನಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಪಡಿಸಬೇಕಾಗಿ ಬಂದದ್ದು ನಿಮಗೆಲ್ಲ ನೆನಪಿದೆ. (ನಮ್ಮ ಸಂಬಂಧಿಕರಲ್ಲೇ ಇಬ್ಬರು ಮದುವೆಗೆ ಬರಲಾಗದೆ ವಿಮಾನ ನಿಲ್ದಾಣದಲ್ಲಿ ಕುಳಿತಿದ್ದರು.) ಬೈದುಕೊಂಡವರು ಬಹಳ. ಆದರೂ ದಣಿದ ಚಾಲಕನ ವಿಮಾನದಲ್ಲಿ ಕೂರುತ್ತೇನೆಂದು ಯಾರೂ ಹೇಳಲಿಲ್ಲ. ದಣಿದ ಪೇದೆಯ ಊರಿನಲ್ಲಿ ಬದುಕಲು ಮಾತ್ರ ನಾವೆಲ್ಲ ಒಪ್ಪಿದ್ದೇವೆ. ಮೇ ಒಂದರಂದು ಎಂಟು ಗಂಟೆ ದುಡಿಮೆಯ ಹೋರಾಟವನ್ನು ಸ್ಮರಿಸಿ ಮೆರವಣಿಗೆ ಹೊರಡುತ್ತದಲ್ಲ, ಅದರ ಬಂದೋಬಸ್ತಿಗೆ ನಿಂತವನ ದುಡಿಮೆಯ ಗಂಟೆಯನ್ನು ಮೆರವಣಿಗೆಯಲ್ಲಿರುವವರೂ ಕೇಳುವುದಿಲ್ಲ.

ಇದರ ಪರಿಣಾಮ ಬರಿಯ ಸಿಡುಕಿನಲ್ಲಿ ಮುಗಿಯುವುದಾದರೆ ಸಹಿಸಬಹುದಿತ್ತು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ ಐಪಿಎಲ್ ಕಪ್ಪನ್ನು ಗೆದ್ದಿತು. ಬೆಂಗಳೂರಿನ ಬೀದಿಗಳಲ್ಲಿ ಬೆಳಗಿನ ಜಾವದವರೆಗೂ ಸಂಭ್ರಮ. ಅಷ್ಟು ಹೊತ್ತೂ ಪೊಲೀಸರು ಬೀದಿಯಲ್ಲಿಯೇ. ಮರುದಿನವೇ ವಿಧಾನಸೌಧದ ಮುಂದೆ ಸನ್ಮಾನ, ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಲಕ್ಷಾಂತರ ಜನ ಬಂದರು. ಬಾಗಿಲುಗಳ ಬಳಿ ಕಾಲ್ತುಳಿತವಾಗಿ 11 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ಮರುದಿನ ಸರ್ಕಾರ ನಗರ ಪೊಲೀಸ್ ಆಯುಕ್ತರೂ ಸೇರಿದಂತೆ ಐವರು ಅಧಿಕಾರಿಗಳನ್ನು ಅಮಾನತಿನಲ್ಲಿಟ್ಟಿತು. ಅವರಲ್ಲೊಬ್ಬರ ಅಮಾನತನ್ನು ಜುಲೈ 1ರಂದು ರದ್ದುಪಡಿಸಿದ ಕೇಂದ್ರ ಆಡಳಿತ ನ್ಯಾಯಮಂಡಳಿಯು, ಪೊಲೀಸರೂ ಮನುಷ್ಯರೇ, ಅವರು ದೇವರೂ ಅಲ್ಲ, ಮಾಯಾವಿಗಳೂ ಅಲ್ಲ ಎಂಬರ್ಥದ ಮಾತು ಹೇಳಿತು. ಕಾರ್ಯಕ್ರಮದ ಸಿದ್ಧತೆಗೆ ಪೊಲೀಸರಿಗೆ ಸಾಕಷ್ಟು ಸಮಯವೇ ಸಿಗಲಿಲ್ಲವೆಂಬುದೂ ಅದರ ಅಭಿಪ್ರಾಯವಾಗಿತ್ತು.

ಆ ದುರಂತದಲ್ಲಿ ಯಾರ ಪಾಲು ಎಷ್ಟೆಂಬ ವಿಚಾರಣೆ ನನ್ನ ಕೆಲಸವಲ್ಲ. ನನ್ನ ಪ್ರಶ್ನೆ ಒಂದೇ. ಅಪಾಯದ ನಿರ್ವಹಣೆಯೆಂಬ ದೊಡ್ಡ ಮಾತನ್ನು ಆ ದಿನಗಳಲ್ಲಿ ಎಲ್ಲರೂ ಆಡಿದರು. ಬಾಗಿಲುಗಳ ಅಗಲ, ಟಿಕೆಟಿನ ಗೊಂದಲ, ಆಂಬುಲೆನ್ಸಿನ ದಾರಿ ಎಲ್ಲವೂ ಚರ್ಚೆಯಾದವು. ಆ ಬಾಗಿಲಲ್ಲಿ ನಿಂತಿದ್ದ ಪೇದೆ ಎಷ್ಟು ಗಂಟೆಯಿಂದ ಎಚ್ಚರವಿದ್ದ ಎಂಬುದು ಅಪಾಯದ ಲೆಕ್ಕದಲ್ಲಿ ಏಕೆ ಮೊದಲನೆಯ ಸಾಲಿನಲ್ಲಿ ಇರಲಿಲ್ಲ? ಜನಸಂದಣಿಯ ಒತ್ತಡ ಹೆಚ್ಚುತ್ತಿದೆಯೆಂಬುದನ್ನು ಗುರುತಿಸಬೇಕಾದವನು ಅವನು. ನಿಲ್ಲಿಸಿ ಎಂದು ನಿಸ್ತಂತುವಿನಲ್ಲಿ ಕೂಗಬೇಕಾದವನು ಅವನು. ‘ಇಂದು ಬೇಡ, ನನ್ನ ಸಿಬ್ಬಂದಿ ಮಲಗಿಲ್ಲ’ ಎಂದು ಹೇಳುವ ಕಾನೂನುಬದ್ಧ ಅಧಿಕಾರ ಒಬ್ಬ ಅಧಿಕಾರಿಗಿದ್ದಿದ್ದರೆ, ಆ ಮಾತನ್ನು ಮೀರುವುದು ಮೇಲಿನವರಿಗೆ ಅಪರಾಧವಾಗಿದ್ದರೆ, ಉತ್ಸವ ನಾಲ್ಕು ದಿನ ಮುಂದೆ ಹೋಗುತ್ತಿತ್ತೇನೋ. ಕಪ್ಪೇನೂ ಹಳಸುತ್ತಿರಲಿಲ್ಲ.

ಇಲಾಖೆ ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. ಯೋಗ ಶಿಬಿರಗಳಾಗುತ್ತವೆ. ಒತ್ತಡ ನಿವಾರಣೆಯ ಉಪನ್ಯಾಸಗಳಾಗುತ್ತವೆ. ಆರೋಗ್ಯ ತಪಾಸಣೆ, ಧ್ಯಾನ, ಆಪ್ತಸಮಾಲೋಚನೆ, ಕ್ರೀಡಾಕೂಟ ಎಲ್ಲವೂ ಇವೆ, ಫೋಟೋಗಳೂ ಬರುತ್ತವೆ. ಅಂಥದೊಂದು ಶಿಬಿರದಲ್ಲಿ ‘ಮೌಲ್ಯಗಳು’ ಎಂಬ ವಿಷಯವಾಗಿ ಮಾತನಾಡಲು ನನ್ನನ್ನೂ ಒಮ್ಮೆ ಕರೆದಿದ್ದರು. ನನಗಿಂತ ಮೊದಲು ಮಾತನಾಡಿದ ವೈದ್ಯರು ದಿನಕ್ಕೆ ಏಳೆಂಟು ಗಂಟೆ ನಿದ್ದೆ, ಹೊತ್ತಿಗೆ ಸರಿಯಾಗಿ ಊಟ, ಕುಟುಂಬದೊಂದಿಗೆ ಕಾಲ ಕಳೆಯುವುದು, ಈ ಮೂರೇ ಒತ್ತಡಕ್ಕೆ ಮದ್ದೆಂದು ಬಹಳ ಚೆನ್ನಾಗಿ ವಿವರಿಸಿದರು. ಸಭೆಯಲ್ಲಿ ಕುಳಿತಿದ್ದವರಲ್ಲಿ ಅರ್ಧದಷ್ಟು ಜನ ರಾತ್ರಿಯ ಬೀಟ್ ಮುಗಿಸಿ, ಕಡ್ಡಾಯ ಹಾಜರಾತಿಯೆಂಬ ಮೆಮೊ ಹಿಡಿದು ಬಂದವರು. ಹಿಂದಿನ ಸಾಲಿನಲ್ಲಿ ನನ್ನ ಶಿಷ್ಯನೊಬ್ಬನಿದ್ದ, ಈಗ ಮುಖ್ಯಪೇದೆ. ಚಹಾದ ಹೊತ್ತಿನಲ್ಲಿ ಬಂದು ಕಾಲಿಗೆ ನಮಸ್ಕರಿಸಿ, “ಮೇಷ್ಟ್ರೇ, ನಿಮ್ಮ ಭಾಷಣದಲ್ಲಿ ಒಂದರ್ಧ ಗಂಟೆ ಒಳ್ಳೇ ನಿದ್ದೆ ಆಯ್ತು, ಬೇಜಾರು ಮಾಡ್ಕೋಬೇಡಿ” ಎಂದ. ನನ್ನ ಭಾಷಣಕ್ಕೆ ಅದಕ್ಕಿಂತ ಸಾರ್ಥಕವಾದ ಉಪಯೋಗ ಬೇರೊಂದಿರಲಿಲ್ಲವೆಂದು ಇಂದಿಗೂ ನಂಬಿದ್ದೇನೆ. ಮನೆಯ ವಿಷಯ ಕೇಳಿದಾಗ ಮಾತ್ರ ಅವನ ನಗು ಮಾಸಿತು. “ನಾನು ಮನೆಗೆ ಹೋದ್ರೆ ಮಗಳು ಅಪ್ಪ ಬಂದ್ರು ಅನ್ನಲ್ಲ ಮೇಷ್ಟ್ರೇ. ಅಪ್ಪ ಇವತ್ತು ಇರ್ತಾರಾ ಅಂತ ಅವರಮ್ಮನ್ನ ಕೇಳ್ತಾಳೆ.”

ಹಸಿದವನಿಗೆ ಅನ್ನ ಕೊಡದೆ ಅಗಿಯುವ ಕ್ರಮದ ಕುರಿತು ಉಪನ್ಯಾಸ ಕೊಡುವುದಕ್ಕೂ, ಮಲಗಲು ಬಿಡದವನಿಗೆ ಪ್ರಾಣಾಯಾಮ ಕಲಿಸುವುದಕ್ಕೂ ಏನು ವ್ಯತ್ಯಾಸ? ಈ ಶಿಬಿರಗಳ ದೊಡ್ಡ ದೋಷ ಅವು ನಿಷ್ಪ್ರಯೋಜಕವೆಂಬುದಲ್ಲ. ಕೆಲವರಿಗೆ ಉಪಯೋಗವಾಗಿರಬಹುದು, ಆಪ್ತಸಮಾಲೋಚನೆಯಂತೂ ನಿಜಕ್ಕೂ ಬೇಕು. ದೋಷವೇನೆಂದರೆ ಅವು ಹೊಣೆಯನ್ನು ವ್ಯವಸ್ಥೆಯಿಂದ ಕಿತ್ತು ಪೇದೆಯ ಹೆಗಲಿಗೇರಿಸುತ್ತವೆ. ಒತ್ತಡ ನಿನ್ನದು, ಉಸಿರಾಟ ನಿನ್ನದು, ನಿಭಾಯಿಸಲಾಗದಿದ್ದರೆ ದೌರ್ಬಲ್ಯವೂ ನಿನ್ನದೇ.

ಹಾಗಾದರೆ ಅವರೇ ಕೇಳಬಹುದಲ್ಲ ಎನ್ನುವಿರಿ. ಕೇಳುವಂತಿಲ್ಲ. 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆಯು ಅವರು ಅನುಮತಿಯಿಲ್ಲದೆ ಸಂಘ ಕಟ್ಟುವುದನ್ನೂ ಪತ್ರಿಕೆಗಳಿಗೆ ಬರೆಯುವುದನ್ನೂ ನಿರ್ಬಂಧಿಸುತ್ತದೆ. ಶಸ್ತ್ರಧಾರಿ ಪಡೆ ಮುಷ್ಕರ ಹೂಡಬಾರದೆಂಬ ತತ್ತ್ವ ಸರಿಯಾದದ್ದೇ. ಆದರೆ ಬಾಯಿಗೆ ಬೀಗ ಹಾಕಿದವನು ಕಿವಿಯನ್ನಾದರೂ ತೆರೆದಿಡಬೇಕು. ಕಿವಿಯನ್ನೂ ಮುಚ್ಚಿದಾಗ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆಗಳಿವೆ: 1973ರಲ್ಲಿ ಉತ್ತರಪ್ರದೇಶದ ಸಶಸ್ತ್ರ ಪೊಲೀಸರು ಬಂಡೆದ್ದರು, ಸೇನೆ ಬರಬೇಕಾಯಿತು. 1979ರಲ್ಲಿ ಪಂಜಾಬಿನ ಪೇದೆಗಳಿಂದ ಹೊರಟ ಚಳವಳಿ ಹಲವು ರಾಜ್ಯಗಳಿಗೆ ಹಬ್ಬಿತು. 1982ರಲ್ಲಿ ಮುಂಬಯಿ. ನಮ್ಮಲ್ಲಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವ ಕರೆ ಬಂದಾಗ ಪೇದೆಗಳು ಮುಂದಿಟ್ಟ ಬೇಡಿಕೆಗಳೇನು? ಸಂಬಳ, ರಜೆ, ಮೇಲಿನವರ ಕಿರುಕುಳದಿಂದ ಮುಕ್ತಿ. ಸಂಘಟಕರ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ರಜೆ ಕೇಳುವುದು ರಾಜದ್ರೋಹ! (ಆ 124ಎ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತಡೆಹಿಡಿಯಿತು, 2024ರಲ್ಲಿ ಹಳೆಯ ದಂಡಸಂಹಿತೆಯೇ ಹೋಯಿತು.) ಆಮೇಲೆ ರಾಘವೇಂದ್ರ ಔರಾದಕರ್ ಸಮಿತಿ ವರದಿ ಕೊಟ್ಟಿತು, 2019ರ ಆಗಸ್ಟಿನಿಂದ ಸಂಬಳವೇನೋ ಒಂದಿಷ್ಟು ಏರಿತು. ಸಂಬಳ ಏರಿಸಿದರೆ ನಿದ್ದೆಯ ಸಾಲ ತೀರಿದಂತೆಯೇ ಎಂದು ಭಾವಿಸಿದವರು ಇಬ್ಬರೂ ಒಂದೇ ಬ್ಯಾಂಕಿನಲ್ಲಿಲ್ಲವೆಂಬುದನ್ನು ಮರೆತರು.

ಇನ್ನು ಆಕ್ಷೇಪಣೆಗಳು. ಹಣವೆಲ್ಲಿದೆ ಎಂಬುದು ಮೊದಲನೆಯದು, ಗಟ್ಟಿಯಾದದ್ದು. ಎಂಟು ಗಂಟೆಯ ಮೂರು ಪಾಳಿ ಮಾಡಬೇಕಾದರೆ ಠಾಣೆಗಳಿಗೆ ಸರಾಸರಿ ಈಗಿನ ಮಂಜೂರಾದ ಬಲದ 1.68 ಪಟ್ಟು ಸಿಬ್ಬಂದಿ ಬೇಕೆಂದು ಅದೇ 2014ರ ಅಧ್ಯಯನ ಲೆಕ್ಕ ಹಾಕಿತ್ತು. ದುಬಾರಿಯೆನ್ನುವುದನ್ನು ಒಪ್ಪುತ್ತೇನೆ. ಆದರೆ ಮಂಜೂರಾದ ಹುದ್ದೆಗಳನ್ನಾದರೂ ನಾವು ತುಂಬಿದ್ದೇವೆಯೇ? ದೇಶದಾದ್ಯಂತ ಐದರಲ್ಲೊಂದು ಹುದ್ದೆ ಖಾಲಿಯೆಂಬುದು ವರ್ಷವರ್ಷವೂ ಓದುವ ಸುದ್ದಿ. ನಮ್ಮ ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯ ಕಥೆ ನಿಮಗೆ ಗೊತ್ತೇ ಇದೆ: ಅಕ್ರಮ ಬಯಲಾಗಿ 2022ರಲ್ಲಿ ಪರೀಕ್ಷೆ ರದ್ದಾಯಿತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೊಳಗಾದರು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ರಾತ್ರಿಯೆಲ್ಲ ಓದಿ ಪ್ರಾಮಾಣಿಕವಾಗಿ ಪರೀಕ್ಷೆ ಬರೆದ ನಮ್ಮೂರಿನ ಹುಡುಗನೊಬ್ಬ ಅಷ್ಟರಲ್ಲಿ ಬೇಸತ್ತು ಗೊಬ್ಬರದಂಗಡಿ ತೆರೆದ. ಆ ಎರಡೂವರೆ ವರ್ಷ 545 ಜನರ ಕೆಲಸವನ್ನು ಯಾರು ಮಾಡಿದರು? ಇದ್ದವರೇ, ತಮ್ಮ ನಿದ್ದೆಯಿಂದ ಕಡ ಕೊಟ್ಟು. ಅಕ್ರಮದ ಬೆಲೆಯನ್ನು ಕೋಟಿಗಳಲ್ಲಿ ಎಣಿಸಿದವರು ಗಂಟೆಗಳಲ್ಲಿ ಎಣಿಸಲಿಲ್ಲ. ಇರುವವರಲ್ಲಿಯೂ ಎಷ್ಟು ಜನ ನಿಜವಾದ ಪೊಲೀಸ್ ಕೆಲಸದಲ್ಲಿದ್ದಾರೆ? ಮೇಲಧಿಕಾರಿಯ ಮನೆಯ ತರಕಾರಿ ತರಲು, ಮಕ್ಕಳನ್ನು ಶಾಲೆಗೆ ಬಿಡಲು ಪೇದೆಯನ್ನು ಬಳಸುವ ಆರ್ಡರ್ಲಿ ಪದ್ಧತಿಯನ್ನು ತೆಗೆದುಹಾಕಬೇಕೆಂದು 1979ರಷ್ಟು ಹಿಂದೆಯೇ ಆಯೋಗ ಹೇಳಿತ್ತು.

ಸಾಧ್ಯವೇ ಇಲ್ಲವೆನ್ನುವವರು ಮುಂಬಯಿಯನ್ನು ನೋಡಲಿ. 2016ರಲ್ಲಿ ಅಲ್ಲಿನ ದೇವನಾರ್ ಠಾಣೆಯ ಒಬ್ಬ ಸಾಮಾನ್ಯ ಪೇದೆ ಕಾಗದದ ಮೇಲೆ ಪಾಳಿಗಳ ಲೆಕ್ಕ ಬರೆದು, ಇರುವ ಸಿಬ್ಬಂದಿಯಲ್ಲಿಯೇ ಎಂಟು ಗಂಟೆ ಸಾಧ್ಯವೆಂದು ಆಯುಕ್ತ ದತ್ತಾ ಪಡಸಲಗೀಕರ್ ಅವರ ಮುಂದಿಟ್ಟ. ಆಯುಕ್ತರು ಅದನ್ನು ಕಸದ ಬುಟ್ಟಿಗೆ ಹಾಕದೆ ಆ ಠಾಣೆಯಲ್ಲಿಯೇ ಪ್ರಯೋಗಿಸಿದರು. 2017ರ ಹೊತ್ತಿಗೆ ಅದು ನಗರದ ಉಳಿದ ಠಾಣೆಗಳಿಗೂ ಹಬ್ಬಿತು. ಅದರ ಮುಂದಿನ ಹಾದಿ ಏರುಪೇರಿನದು. ಆಯುಕ್ತರ ಮರ್ಜಿಯಿಂದ ಬಂದದ್ದು ಇನ್ನೊಬ್ಬ ಆಯುಕ್ತರ ಕಾಲದಲ್ಲಿ, ಒಂದು ಮಹಾಮಾರಿಯ ಹೊಡೆತಕ್ಕೆ, ಹಿಂದೆ ಸರಿಯಬಹುದು. ಕಾಯ್ದೆಯೇ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ನೆರೆಯ ಆಂಧ್ರಪ್ರದೇಶ 2019ರಲ್ಲಿ, ತಮಿಳುನಾಡು 2021ರಲ್ಲಿ ವಾರದ ರಜೆಯನ್ನು ಘೋಷಿಸಿದವು. ನಮ್ಮಲ್ಲಿಯೂ ವಾರದ ರಜೆ ಕಾಗದದ ಮೇಲಿದೆ. ಕಾಗದ ಠಾಣೆಯ ಗೋಡೆಯ ಮೇಲಿದೆ.

ಈಗ ಸೋದರಳಿಯನ ಮಾತಿಗೆ ಬರುತ್ತೇನೆ. ಲಂಚ ತಿನ್ನುವವರ, ಲಾಕಪ್ಪಿನಲ್ಲಿ ಹೊಡೆಯುವವರ ನಿದ್ದೆಯ ಚಿಂತೆ ನಮಗೇಕೆ ಎಂಬುದು ಅವನ ವಾದ. ದಣಿವು ಹಿಂಸೆಗೆ ಸಮರ್ಥನೆಯಾಗಲಾರದು. ಹದಿನಾರು ಗಂಟೆ ದುಡಿದೆ ಎಂಬ ಕಾರಣಕ್ಕೆ ಕೈದಿಯ ಮೈಮೇಲೆ ಕೈಮಾಡಿದವನಿಗೆ ಒಂದು ದಿನದ ಶಿಕ್ಷೆಯೂ ಕಡಿಮೆಯಾಗಕೂಡದು. ಆದರೆ ಬಂಧಿತನ ಹಿತವನ್ನೇ ನೋಡೋಣ. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂಧಿತನನ್ನು 48 ಗಂಟೆಗೊಮ್ಮೆ ವೈದ್ಯರಿಂದ ಪರೀಕ್ಷಿಸಬೇಕೆಂದು ವಿಧಿಸಿತು. ಅತ್ಯಂತ ಅಗತ್ಯವಾದ ರಕ್ಷಣೆ. ಆ ಬಂಧಿತನ ಕೋಣೆಯ ಮುಂದೆ ಬಂದೂಕು ಹಿಡಿದು ನಿಂತವನು ಕೊನೆಯ ಸಲ ಮಲಗಿದ್ದು ಯಾವಾಗ ಎಂದು ನೋಡುವ ನಿಯಮವೂ ಜೊತೆಗಿದ್ದರೆ ಮೊದಲು ಉಪಕಾರವಾಗುವುದು ಬಂಧಿತನಿಗೇ. ನಿದ್ದೆಗೆಟ್ಟವನು ಬೇಗ ಕೆರಳುತ್ತಾನೆ, ತಡವಾಗಿ ಯೋಚಿಸುತ್ತಾನೆ. ನಲವತ್ತು ಮಕ್ಕಳ ತರಗತಿಯಲ್ಲಿ ಮೇಷ್ಟರಾಗಿದ್ದ ಯಾರನ್ನಾದರೂ ಕೇಳಿ. ಲಂಚದ ಮಾತಿಗೆ ನನ್ನಲ್ಲಿ ಉತ್ತರ ಚಿಕ್ಕದು: ಲಂಚಕೋರನನ್ನು ಮನೆಗೆ ಕಳುಹಿಸಿ, ಖಾಯಮ್ಮಾಗಿ, ಉಳಿದವರನ್ನು ಮನೆಗೆ ಕಳುಹಿಸಿ, ರಾತ್ರಿಯ ಮಟ್ಟಿಗೆ.

ನಾನು ಕೇಳುವುದು ಹೆಚ್ಚಿನದಲ್ಲ. ಪೊಲೀಸ್ ಕಾಯ್ದೆಗೊಂದು ತಿದ್ದುಪಡಿ: ವಾರಕ್ಕೊಂದು ರಜೆ, ಎರಡು ಪಾಳಿಗಳ ನಡುವೆ ಇಷ್ಟು ಗಂಟೆಯ ವಿಶ್ರಾಂತಿ ಕಡ್ಡಾಯ. ನಿಜವಾದ ತುರ್ತಿನಲ್ಲಿ ಮೀರಬಹುದು; ಆದರೆ ಮೀರಿದ ಅಧಿಕಾರಿ ಕಾರಣವನ್ನು ಅಂದೇ ಬರೆದಿಡಬೇಕು, ಬಾಕಿ ವಿಶ್ರಾಂತಿಯನ್ನು ವಾರದೊಳಗೆ ತೀರಿಸಬೇಕು. ಸಚಿವರ ಮಗನ ಮದುವೆಯೂ ತಂಡವೊಂದರ ವಿಜಯೋತ್ಸವವೂ ತುರ್ತಿನ ಪಟ್ಟಿಯಲ್ಲಿ ಬರತಕ್ಕದ್ದಲ್ಲ. ಠಾಣೆಯ ಹಾಜರಿ ಪುಸ್ತಕದಲ್ಲಿ ಬಂದ ಹೊತ್ತಿನ ಜೊತೆಗೆ ಹೋದ ಹೊತ್ತನ್ನೂ ಬರೆಯಬೇಕು. ಆ ಲೆಕ್ಕ ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದೆ ಬರಬೇಕು.

ಈ ವಿಷಯವಾಗಿ ನಮ್ಮ ಕ್ಷೇತ್ರದ ಶಾಸಕರಿಗೂ ಗೃಹಸಚಿವರಿಗೂ ಒಂದು ಮನವಿಯನ್ನು ಸಿದ್ಧಪಡಿಸುತ್ತಿದ್ದೇನೆ. ನಿವೃತ್ತ ಶಿಕ್ಷಕರಾದ ನಾಲ್ವರು ಗೆಳೆಯರು ಸಹಿ ಹಾಕಲು ಒಪ್ಪಿದ್ದಾರೆ. ಇಲಾಖೆಯಲ್ಲಿರುವ ಶಿಷ್ಯರಿಂದ ನನಗೊಂದು ಉಪಕಾರವಾಗಬೇಕು. ಯಾವುದಾದರೂ ಏಳು ದಿನಗಳ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ: ಎದ್ದದ್ದೆಷ್ಟಕ್ಕೆ, ಹಾಜರಾದದ್ದೆಷ್ಟಕ್ಕೆ, ಬಿಟ್ಟದ್ದೆಷ್ಟಕ್ಕೆ, ಮಲಗಿದ್ದೆಷ್ಟಕ್ಕೆ. ಹೆಸರು ಬೇಡ, ಠಾಣೆಯ ಹೆಸರೂ ಬೇಡ, ಮೆಟಲ್ ಸಂಖ್ಯೆಯಂತೂ ಬೇಡವೇ ಬೇಡ. 1966ರ ಕಾಯ್ದೆ ಇನ್ನೂ ಜೀವಂತವಿದೆ. ಬರೆಯಲು ನಿಮಗೆ ಬಿಡುವಿಲ್ಲದಿದ್ದರೆ ಮನೆಯವರು ಬರೆಯಲಿ, ಲೆಕ್ಕ ಅವರಿಗೇ ಹೆಚ್ಚು ನೆನಪಿರುತ್ತದೆ. ಅಂಚೆಯಲ್ಲಿ ಹಾಕಿ ಅಥವಾ ಊರಿಗೆ ಬಂದವರ ಕೈಯಲ್ಲಿ ಕಳುಹಿಸಿಕೊಡಿ. ಸಂಕ್ರಾಂತಿಯ ಬಂದೋಬಸ್ತು ಮುಗಿದ ಮೇಲೆ ಕಳುಹಿಸಿದರೂ ಆದೀತು.